ಎಂಬತ್ತು ಗ್ರಾಂ ಒಬ್ಬಟ್ಟಿನ ವಿಚಾರಣೆ

ಮೊನ್ನೆ ತ್ಯಾಗರಾಜನಗರದ ತಿರುವಿನಲ್ಲಿ ಕಾವಲಿಯ ಮೇಲೆ ಒಬ್ಬಟ್ಟು ಬೇಯುವ ವಾಸನೆ ಬಂತು. ಏಲಕ್ಕಿ, ಬೆಲ್ಲ, ತುಸು ಸೀದ ಅಂಚು... ಕಾಲು ತಾನಾಗಿ ನಿಂತಿತು. ನೆನಪಾದವರು ಮಾತ್ರ ನಮ್ಮ ಎದುರು ಮನೆಯ ಮೇಷ್ಟ್ರು.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿಯ ವಿಷಯ ಕಾಲೇಜಿಗೆ ತಿಳಿದಿತ್ತು, ಅವರಿಗೆ ತಿಳಿದಿರಲಿಲ್ಲ.

ಒಂದು ವರ್ಷ ಈ ಒಬ್ಬಟ್ಟಿನ ಅಂಗಡಿಯ ಅಕ್ಕನ ಮೇಲೆ ನಾನೊಂದು ಗುರುತರ ಆಪಾದನೆ ಹೊರಿಸಿದ್ದೆ. ಬೋರ್ಡಿನಲ್ಲಿ ಎಂಬತ್ತು ಗ್ರಾಂ ಎಂದಿದೆ, ಒಬ್ಬಟ್ಟು ಅಷ್ಟು ತೂಗುತ್ತಿಲ್ಲ. ನಮ್ಮ ರಸ್ತೆಯವರೆಲ್ಲ ತಲೆದೂಗಿ, ಯುಗಾದಿಯ ಆರ್ಡರನ್ನು ಬೇರೆಯವರಿಗೆ ಕೊಡುವುದರಲ್ಲಿದ್ದರು. ಅಕ್ಕನಿಗೆ ಅದು ವರ್ಷದ ದೊಡ್ಡ ಕೆಲಸ.

"ಕೈಲಿ ತಟ್ಟೋದು ಸಾರ್, ಒಂದು ಹೆಚ್ಚು ಒಂದು ಕಮ್ಮಿ ಆಗತ್ತೆ. ಬೇಕಂತ ಕಮ್ಮಿ ಮಾಡಿಲ್ಲ" ಎಂದರು ಅಕ್ಕ. ಕಣ್ಣು ಒರೆಸಿಕೊಂಡದ್ದು ಕಾವಲಿಯ ಹೊಗೆಗೆ ಎಂದು ನಾನು ನಂಬಿಕೊಂಡೆ.

ಮೇಷ್ಟ್ರು ನನ್ನನ್ನು ಕರೆಸಿ, ಎಷ್ಟು ತೂಗಿದಿರಿ ಎಂದು ಕೇಳಿದರು. ಒಂದು, ಅದೂ ಕೈಯಲ್ಲೇ ಎಂದೆ.

"ಮೊದಲು ಆಯಮ್ಮ ಹೇಳಿದ್ದೇ ನಿಜ, ಸರಾಸರಿ ಎಂಬತ್ತೇ ಅಂತ ಇಟ್ಕೊಳ್ಳಿ. ಅಲ್ಲ ಅಂತ ತೋರಿಸೋ ಭಾರ ನಿಮ್ದು."

ಹದಿನಾರು ದಿನ, ದಿನಕ್ಕೊಂದು ಒಬ್ಬಟ್ಟು. ಆರಿಸುವ ಹಾಗಿಲ್ಲ, ಪೇರಿಸಿಟ್ಟದ್ದರಲ್ಲಿ ಮೇಲಿನಿಂದ ಎಷ್ಟನೆಯದು ಎಂದು ಚೀಟಿ ಎತ್ತಬೇಕು. ತುಪ್ಪ, ತೂಕದ ನಂತರ. ಐದನೆಯ ದಿನ ಬಿಸಿಯ ಆಮಿಷಕ್ಕೆ ಸಿಕ್ಕಿ, ತಕ್ಕಡಿಗೆ ಇಡುವ ಮೊದಲೇ ಸಾಕ್ಷಿಯನ್ನು ತಿಂದುಬಿಟ್ಟೆ. ಮೇಷ್ಟ್ರು ಗಂಭೀರವಾಗಿ ವಿಚಾರಣೆಯನ್ನು ಒಂದು ದಿನ ಮುಂದುವರಿಸಿದರು.

ಸರಾಸರಿ ಎಪ್ಪತ್ತೆಂಟು ಬಂತು. ಗೆದ್ದವನಂತೆ ಎದ್ದ ನನ್ನನ್ನು ಅವರು ಕೂರಿಸಿದರು. ಒಂದೊಂದರ ಏರುಪೇರು ಆರು ಗ್ರಾಂ. ಅದನ್ನು ಹದಿನಾರರ ವರ್ಗಮೂಲ ನಾಲ್ಕರಿಂದ ಭಾಗಿಸಿದರೆ ಸರಾಸರಿಯ ಏರುಪೇರು, ಒಂದೂವರೆ. ನನ್ನ ಎರಡು ಗ್ರಾಂ ಕೊರತೆ ಅದರ ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಅವರ ಹಳೆಯ ಕೋಷ್ಟಕದ ಪ್ರಕಾರ ಆಪಾದನೆ ನಿಲ್ಲಲು ಒಂದೂಮುಕ್ಕಾಲು ಪಟ್ಟಾದರೂ ಬೇಕಿತ್ತು.

"ಹಾಗಾದ್ರೆ ಆಯಮ್ಮ ಹೇಳಿದ್ದು ನಿಜ ಅಂತಾಯ್ತಾ ಸಾರ್?" ಎಂದೆ.

"ಹಾಗಂತ ನಾನೆಲ್ಲಿ ಹೇಳ್ದೆ? ಸುಳ್ಳು ಅನ್ನೋಕೆ ಸಾಕ್ಷಿ ಸಾಲದು. ಹೋಗಿ, ಆರ್ಡರ್ ಕೊಟ್ಟು ಬನ್ನಿ."

ಕೊಟ್ಟು ಬಂದೆ. ಆ ಯುಗಾದಿಗೆ ಅಕ್ಕ ಮೇಷ್ಟ್ರ ಮನೆಗೆ ಕಳಿಸಿದ ಒಬ್ಬಟ್ಟು ನೂರು ಗ್ರಾಂ ದಾಟಿತ್ತು. ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ತಿಂದರು.

ಮೇಷ್ಟ್ರು ಹೋಗಿ ಮೂರು ವರ್ಷವಾಯಿತು... ಮೊನ್ನೆ ಎರಡು ಕಟ್ಟಿಸಿಕೊಂಡು, ಅವರು ಇದ್ದಾರೆ ಎಂದೇ ಮೊದಲು ಇಟ್ಟುಕೊಂಡು, ಎದುರು ಮನೆಯ ಗೇಟಿನವರೆಗೆ ಹೋದೆ. ಬೀಗ ಬಿದ್ದಿತ್ತು. ಒಂದು ಬೀಗ, ಒಂದೇ ಸಾಕ್ಷಿ, ಸಾಲದು ಎಂದು ವಾದಿಸಬಹುದಿತ್ತು. ಕೂರಿಸಿ ತಿದ್ದುವವರು ಇರಲಿಲ್ಲ.

ಎರಡನ್ನೂ ತೂಗದೆ ನಾನೇ ತಿಂದೆ.