ಹೂಂ ಅಕ್ಕನ ಬಿಲ್ವದ ಮರ

ಬೀದಿಯವರು ಅವಳಿಗೆ ಇಟ್ಟ ಹೆಸರು ಹೂಂ ಅಕ್ಕ. ಯಾರು ಏನು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದುದು ಅದೊಂದೇ. ನಾಳೆ ಮದುವೆ ಇಟ್ಟುಕೊಂಡು ಇವತ್ತು ಸಂಜೆ ರವಿಕೆ ಬಟ್ಟೆ ತಂದರೂ ಹೂಂ. ತಾವು ದಪ್ಪಗಾಗಿ ಬಂದು, "ಅಳತೆ ತಪ್ಪಿದ್ದೀಯ ಅಕ್ಕ, ಸ್ವಲ್ಪ ಸಡಿಲ ಮಾಡಿಕೊಡು" ಎಂದರೂ ಹೂಂ. ಹೊಲಿಗೆ ಯಂತ್ರವನ್ನು ಅಡುಗೆಮನೆಯ ಕಿಟಕಿಯ ಪಕ್ಕಕ್ಕೆ ಹಾಕಿಕೊಂಡಿದ್ದಳು. ಅಲ್ಲಿ ಕೂತರೆ ಒಲೆಯ ಮೇಲಿನ ಹಾಲೂ ಕಾಣುತ್ತಿತ್ತು, ಹಿತ್ತಲಿನ ಬಿಲ್ವದ ಮರವೂ ಕಾಣುತ್ತಿತ್ತು.

ಹಿತ್ತಲು ಎಂದರೆ ಎರಡು ಸೀರೆ ಹಾಸುವಷ್ಟು ಜಾಗ. ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಆ ಮರ. ಅತ್ತೆ ಬೀಜ ಊರಿ ಬೆಳೆಸಿದ್ದು. "ಇದರದ್ದೊಂದು ಹಣ್ಣು ತಿಂದು ಹೋದರೆ ಸಾಕು" ಎನ್ನುತ್ತಿದ್ದರು. ತಿನ್ನದೆಯೇ ಹೋದರು. ಹೋಗುವ ಮುಂಚೆ ಸೊಸೆಯ ಕೈ ಹಿಡಿದು, "ಮರ ನೋಡ್ಕೊಳ್ತೀಯ ತಾನೇ?" ಎಂದಿದ್ದರು. ಅವಳು ಹೂಂ ಎಂದಿದ್ದಳು.

ನೋಡಿಕೊಂಡಳು ಕೂಡ. ಅಕ್ಕಿ ತೊಳೆದ ನೀರು ಬುಡಕ್ಕೇ ಹೋಗುತ್ತಿತ್ತು. ಸೋಪಿನ ನೀರು ಹರಿಯದಂತೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿದ್ದಳು. ನಿಂಬೆ ಗಿಡಕ್ಕೆ ಬೀಳುವ ಹಸಿರು ಹುಳ ಇದಕ್ಕೂ ಬೀಳುತ್ತದೆ, ಮುಟ್ಟಿದರೆ ತಲೆಯಿಂದ ಕೊಂಬು ಚಾಚಿ ನಾತ ಬಿಡುತ್ತದೆ. ಅವನ್ನೆಲ್ಲ ಕಡ್ಡಿಯಿಂದ ಬಿಡಿಸಿ ಆಚೆಯ ಖಾಲಿ ಜಾಗಕ್ಕೆ ಬಿಟ್ಟು ಬರುತ್ತಿದ್ದಳು. ಮುಳ್ಳು ಚುಚ್ಚಿದರೆ ಹೊಲಿಗೆಯವಳ ಬೆರಳಿಗೆ ಅದೇನೂ ಹೊಸದಲ್ಲ.

ಬೆಳಗಾದರೆ ಬೀದಿಯವರೆಲ್ಲ ಪೂಜೆಗೆ ಎಲೆ ಕೇಳಿಕೊಂಡು ಬರುತ್ತಿದ್ದರು. ಎಲ್ಲರಿಗೂ ತುದಿಯ ಎಳೆ ಚಿಗುರೇ ಬೇಕು, ಮೂರು ದಳವೂ ಕೂಡಿರಬೇಕು, ತೂತು ಬಿದ್ದಿರಬಾರದು. ಎಲ್ಲರಿಗೂ ಹೂಂ.

ಮನೆಯಲ್ಲಿ ಇನ್ನು ಇದ್ದವರು ಮೈದುನ ಮತ್ತು ಅವನ ಹೆಂಡತಿ. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮೈದುನನದು ವಾಷಿಂಗ್ ಮೆಷಿನ್ ರಿಪೇರಿ. ಬಂದವರು ಯಾರದೋ ಮೆಷಿನ್ ಮೇಲೇ ಕೂತು ಕಾಫಿ ಕುಡಿಯಬೇಕು, ನಡುಮನೆ ಹಾಗೆ ತುಂಬಿತ್ತು. ಮಳೆ ನಿಂತ ಮೇಲೆ ಒಂದು ದಿನ ಅವನು ಬಾಯಿ ಬಿಟ್ಟ.

"ಅತ್ತಿಗೆ, ಹಿತ್ತಲಿಗೆ ಶೀಟ್ ಹಾಕಿ ಶೆಡ್ ಮಾಡ್ತೀನಿ. ಆ ಮರದಿಂದ ಬೀದಿಗೆಲ್ಲ ಎಲೆ, ನಮಗೆ ಬರೀ ಕಸ."

"ಅತ್ತೆ ನೆಟ್ಟಿದ್ದು ಕಣೋ."

"ಅಮ್ಮನೂ ಕಾದು ಕಾದು ಹೋದಳಲ್ಲ. ಮುಂದಿನ ಬೇಸಿಗೆ ಮುಗಿಯೋದರೊಳಗೆ ಒಂದು ಕಾಯಿ ತೋರಿಸಿ, ಕಡಿಯೋ ಮಾತೇ ಎತ್ತಲ್ಲ. ಇಲ್ಲಾಂದ್ರೆ ಕಡಿಸ್ತೀನಿ. ಆಗಬಹುದಾ?"

"ಹೂಂ" ಎಂದಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅಂದಿನಿಂದ ಅವಳಿಗೆ ಮರದ್ದೇ ಚಿಂತೆ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ತಾರಸಿಗೆ ಹೋದವಳು ನೀರಿನ ತೊಟ್ಟಿಯ ಹಿಂದೆ ಬಗ್ಗಿ ನೋಡಿದಳು. ಯಾರ ಕೈಗೂ ಎಟುಕದ ಒಂದು ಕೊಂಬೆ ಅಲ್ಲಿಗೆ ಚಾಚಿಕೊಂಡಿತ್ತು. ಅದರ ತುದಿಯಲ್ಲಿ ಒಣಗಿದ ಹೂತೊಟ್ಟುಗಳು, ಜೊತೆಗೆ ಅಂಗಿಯ ಗುಂಡಿಯಷ್ಟಾಗಿ ಮುರುಟಿಹೋದ ಒಂದು ಕಾಯಿ.

ಅದನ್ನು ಅಂಗೈಯಲ್ಲಿಟ್ಟುಕೊಂಡು ಕೆಳಗೆ ಬಂದು ಯಂತ್ರದ ಮುಂದೆ ಕೂತಳು. ದಿನಾ ಅಂಚು ಕತ್ತರಿಸುತ್ತ ಹೋದರೆ ಯಾವ ಲಂಗ ತಾನೇ ಉದ್ದ ಬಂದೀತು? ಹೂ ಬರಬೇಕಾದ ಚಿಗುರನ್ನೇ ಬೀದಿ ಚಿವುಟಿಕೊಂಡು ಹೋಗುತ್ತಿತ್ತು. ಚಿವುಟಿಕೊಳ್ಳಿ ಎಂದು ಕೊಂಬೆ ಬಗ್ಗಿಸಿ ಹಿಡಿಯುತ್ತಿದ್ದವಳು ಅವಳೇ.

ಮರುದಿನ ಮೊದಲು ಬಂದವರು ಎದುರುಮನೆ ಅಜ್ಜಿ. "ನಾಲ್ಕು ದಳ ಕಿತ್ಕೊಳ್ಳಲೇನಮ್ಮ?"

"ಉಹೂಂ" ಎಂದಳು, ಮೆಲ್ಲಗೆ.

ಅಜ್ಜಿಯ ಕಿವಿ ಸ್ವಲ್ಪ ಮಂದ. ಅವರಿಗೆ ಕೇಳಿಸಿದ್ದು ಅದರ ಬಾಲ ಮಾತ್ರ. ಹೂಂ ಎಂದಳೆಂದುಕೊಂಡು ಚಿಗುರಿಗೆ ಕೈ ಹಾಕಿಯೇಬಿಟ್ಟರು. ಅವಳು ಆ ಕೈ ಹಿಡಿದುಕೊಂಡು ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಉ-ಹೂಂ ಅಂದೆ, ಅಜ್ಜಿ."

"ದೇವರಿಗೇ ಇಲ್ಲ ಅಂತೀಯಾ?"

"ದೇವರಿಗಲ್ಲ, ನಮ್ಮ ಉಗುರಿಗೆ. ಕೆಳಗಿನ ಬಲಿತ ಎಲೆ ತಗೊಳ್ಳಿ. ಬಿಲ್ವ ಹಳಸಲ್ಲ, ನಿನ್ನೆಯದನ್ನೇ ತೊಳೆದು ಮತ್ತೆ ಇಡಬಹುದು ಅಂತ ನಮ್ಮತ್ತೆಗೆ ಹೇಳಿಕೊಟ್ಟವರು ಯಾರು? ನೀವೇ ಅಲ್ವಾ?"

ತಾವೇ ಆಡಿದ ಮಾತನ್ನು ಅಲ್ಲಗಳೆಯುವುದು ಹೇಗೆ? ಅಜ್ಜಿ ಬಲಿತ ಎಲೆ ಕಿತ್ತುಕೊಂಡು ಗೊಣಗುತ್ತ ಹೋದರು. "ಹೂಂ ಅಕ್ಕನಿಗೆ ಕೊಬ್ಬು ಬಂದಿದೆ" ಎಂದು ಬೀದಿಯಲ್ಲಿ ಸುದ್ದಿಯಾಯಿತು. ಚಿಗುರಿಗೆ ಮಾತ್ರ ಆಮೇಲೆ ಯಾರೂ ಕೈ ಹಾಕಲಿಲ್ಲ.

ಬೇಸಿಗೆ ಕಾಲಿಟ್ಟಿತು. ಮರ ಇದ್ದಬದ್ದ ಎಲೆಯನ್ನೆಲ್ಲ ಉದುರಿಸಿ ಸೌದೆಯಂತೆ ನಿಂತುಬಿಟ್ಟಿತು. ಇದನ್ನೇ ಕಾಯುತ್ತಿದ್ದವನಂತೆ ಮೈದುನ ಮರ ಕಡಿಯುವವನನ್ನು ಕರೆದುಕೊಂಡು ಬಂದ.

"ಒಣಗಿ ಸತ್ತೇಹೋಯ್ತಲ್ಲ ಅತ್ತಿಗೆ. ಸತ್ತದ್ದಕ್ಕೆ ಎಂಥಾ ಗಡುವು? ಕಡಿಸಲಾ?"

"ಉಹೂಂ."

ಒಳಗೆ ಮಿಕ್ಸಿ ನಿಂತಿತು. ಓರಗಿತ್ತಿ ಬಾಗಿಲಿಗೆ ಬಂದಳು. ಮದುವೆಯಾಗಿ ಬಂದಂದಿನಿಂದ ಮನೆಯವರಿಗೆ ಆ ಬಾಯಿಂದ ಆ ಮಾತು ಬಂದದ್ದನ್ನು ಅವಳು ಕೇಳಿರಲಿಲ್ಲ.

"ಏನಂದ್ರಿ?" ಎಂದ ಮೈದುನ.

"ಬೇಸಿಗೆ ಮುಗಿಯೋವರೆಗೆ ಅಂದೋನು ನೀನು. ಇನ್ನೂ ಮುಗಿದಿಲ್ಲ." ಕತ್ತರಿಯ ತುದಿಯಿಂದ ಒಂದು ಕೊಂಬೆಯ ತೊಗಟೆ ಕೆರೆದು ತೋರಿಸಿದಳು. ಒಳಗೆ ಹಸಿ ಹಸಿರು.

"ನಿಮ್ಮಣ್ಣನೂ ಹೀಗೇ, ಸತ್ತ ಹಾಗೆ ಮಲಗಿರೋರು. ಕಾಫಿ ಅಂದ್ರೆ ಎದ್ದು ಕೂರೋರು" ಎಂದಳು. ಕಡಿಯಲು ಬಂದವನು ನಕ್ಕುಬಿಟ್ಟ. ನಕ್ಕವನ ಕೈಯಲ್ಲಿ ಕೊಡಲಿ ಏಳುತ್ತದೆಯೇ? ಕಾಫಿ ಕುಡಿದು ಹೋದ.

ಸ್ವಲ್ಪ ದಿನಕ್ಕೆ ಮರದ ಮೈತುಂಬ ಕೆಂಚು ಚಿಗುರು. ಚಿಗುರಿನ ಸಂದಿಯಲ್ಲೆಲ್ಲ ಬಿಳಿಹಸಿರು ಹೂ. ಕಂಪು ನಡುಮನೆಯ ಗ್ರೀಸಿನ ವಾಸನೆಯನ್ನೂ ಮೀರಿಸಿತು, ಜೇನ್ನೊಣದ ಸದ್ದು ಹೊಲಿಗೆ ಯಂತ್ರದ ಸದ್ದಿಗೆ ಪೈಪೋಟಿ ಕೊಟ್ಟಿತು. "ನೀವು ಉಹೂಂ ಅಂದದ್ದಕ್ಕೇ ಹೂ ಬಂತು ಅಕ್ಕ" ಎಂದಳು ಓರಗಿತ್ತಿ.

ಮೊದಲ ಮಳೆಗೆ ಮುಂಚೆಯೇ ಅವಳು ಮೈದುನನನ್ನು ಕೈ ಹಿಡಿದು ಕರೆತಂದು ನಿಲ್ಲಿಸಿದಳು. ಅವನು ತಲೆ ಎತ್ತಿ ನೋಡಿದ. ಕಾಯಿ. ಅಲ್ಲೊಂದು, ಇಲ್ಲೊಂದು, ಮೇಲೆ ಇನ್ನೂ.

"ಅಮ್ಮ ನೋಡಬೇಕಿತ್ತು" ಎಂದ. ತಲೆ ಕೆರೆದುಕೊಂಡು, "ಆದರೂ ಶೆಡ್ಡು..." ಎಂದ.

ಶೆಡ್ಡೂ ಆಯಿತು. ಟೇಪು ಹಿಡಿದು ಬೊಡ್ಡೆಯ ಅಳತೆ ತೆಗೆದವಳು ಅವಳೇ. ರವಿಕೆಗೆ ಕೊರಳು ತೆಗೆಯುವ ಹಾಗೆ ಶೀಟಿನಲ್ಲಿ ದುಂಡಗೆ ಗೆರೆ ಎಳೆದು, "ಸಡಿಲ ಇರಲಿ, ಇದೂ ದಪ್ಪಗಾಗುತ್ತೆ" ಎಂದಳು.

ಕಾಯಿ ಹಣ್ಣಾಗಲು ಮತ್ತೊಂದು ಬೇಸಿಗೆಯೇ ಬರಬೇಕಾಯಿತು. ಒಂದು ಬೆಳಗ್ಗೆ ಶೀಟಿನ ಮೇಲೆ ಧಡಾರ್ ಎಂದಾಗ ಅರ್ಧ ಬೀದಿ ಓಡಿಬಂತು. ಕಲ್ಲಿನಂಥ ಚಿಪ್ಪು, ಮೈದುನ ತನ್ನ ಸುತ್ತಿಗೆಯಿಂದಲೇ ಒಡೆದ. ಜೇನುಬಣ್ಣದ ತಿರುಳು, ಮನೆಯೆಲ್ಲ ಘಮಘಮ. ಮೊದಲ ತುಂಡು ಅತ್ತೆಯ ಫೋಟೋದ ಮುಂದೆ. ಎರಡನೆಯದು ಎದುರುಮನೆ ಅಜ್ಜಿಗೆ.

ಅಜ್ಜಿ ಬೆರಳು ನೆಕ್ಕುತ್ತ ಮೇಲೆ ನೋಡಿದರು. ಹೊಸ ಚಿಗುರು ಮೂಡುತ್ತಿತ್ತು.

"ಒಂದೇ ಒಂದು ದಳ, ಹೂಂ ಅಕ್ಕ?"

"ಉಹೂಂ."

ಈ ಸಲ ಅಜ್ಜಿಗೆ ಒಂದೇ ಸಲಕ್ಕೆ ಕೇಳಿಸಿತು.