ಡಬ್ಬಿಯಲ್ಲಿ ಬಾರದ ದನಿ

ಹೋದ ವಾರ ಟಂಟಂ ಆಟೊ ಓಡಿಸುವವನೊಬ್ಬ ನನ್ನ ಎಡಿಟಿಂಗ್ ಅಂಗಡಿಗೆ ಬಂದು ಟೇಬಲ್ಲಿನ ಮೇಲೆ ಪೆನ್ ಡ್ರೈವ್ ಇಟ್ಟ. “ಅಕ್ಕಾರ, ನಿಮ್ಮ ಕಂಪ್ಯೂಟರ್‌ನಾಗ ಚಂದ ಕೇಳಸ್ತದ, ನನ್ನ ಡಬ್ಬಿದಾಗ ಬರವಲ್ದು ನೋಡ್ರಿ” ಎಂದ. ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು, ಟಂಟಂ ಮೇಲಿನ ಮೈಕಿನ ಡಬ್ಬಿಯಲ್ಲಿ ಹಚ್ಚಿ ಊರು ಸುತ್ತಲು. ಎಂಪಿತ್ರೀ ಮಾಡಿ ಕೊಟ್ಟರೆ ಮುಗಿಯಿತು, ಎರಡು ನಿಮಿಷದ ಕೆಲಸ. ಆದರೂ ಈ ಮಾತಿಗೆ ನಾನು ಇವತ್ತಿಗೂ ಹೆದರುತ್ತೇನೆ...

ವಾಡಿಯಲ್ಲಿ ನಮ್ಮ ಎದುರು ಮನೆಯಲ್ಲಿ ಒಬ್ಬ ಕಾಕಾ ಇದ್ದರು. ರಾವೂರ ಕಡೆಯ ಒಂದು ಕಲ್ಲಿನ ಗಣಿಯಲ್ಲಿ ಅವರ ಕೆಲಸ. ಬಂಡೆ ಸೀಳಲು ಮದ್ದು ಹಾರಿಸುವ ಮೊದಲು ಕೆಂಪು ಬಾವುಟ ಹಿಡಿದು ಸುತ್ತಲಿನ ಹೊಲಗಳಿಗೆ ಕೇಳುವಂತೆ ಕೂಗುವುದು. ಅವರು ಕೂಗಿದರೆ ಸಾಕು, ಹೊಲದಲ್ಲಿದ್ದವರು ಕುಡುಗೋಲು ಬಿಟ್ಟು ದೂರ ಹೋಗುತ್ತಿದ್ದರು. ಆದರೆ ಕಲ್ಲಿನ ಧೂಳು ಯಾರನ್ನು ಬಿಟ್ಟಿದೆ? ಅವರ ಗಂಟಲು ಬೆಳಿಗ್ಗೆ ತೆರೆದಿರುತ್ತಿತ್ತು, ಮಧ್ಯಾಹ್ನಕ್ಕೆ ಮುಚ್ಚುತ್ತಿತ್ತು. ಮದ್ದು ಹಾರುವುದು ಮಧ್ಯಾಹ್ನ ಒಂದಕ್ಕೆ. ದನಿ ಹೋಗಿದೆ ಎಂದು ಗೊತ್ತಾದರೆ ಕೆಲಸವೂ ಹೋಗುತ್ತಿತ್ತು.

“ಯವ್ವಾ, ಮುಂಜಾನಿ ನನ್ನ ದನಿ ಹಿಡದು ಇಟ್ಟುಬಿಡು. ಮಧ್ಯಾಹ್ನ ಅದೇ ಕೂಗ್ಲಿ” ಎಂದರು ಒಂದು ದಿನ.

ನನಗೆ ಎಡಿಟಿಂಗ್ ಹೊಸದು. ಅಲ್ಪನಿಗೆ ಐಶ್ವರ್ಯ ಬಂದಂತೆ ಆಡುತ್ತಿದ್ದ ಕಾಲ. ಬೆಲ್ಲ, ಮೆಣಸು ತಿಂದು ಅವರು ಕೂಗಿದರು, ನಾನು ರೆಕಾರ್ಡ್ ಮಾಡಿಕೊಂಡೆ. ಫ್ಯಾನಿನ ಸದ್ದು ತೆಗೆದೆ, ಕೆಮ್ಮು ಕತ್ತರಿಸಿದೆ. ಕೊನೆಗೆ ಎಲ್ಲಕ್ಕಿಂತ ಉತ್ತಮ ಗುಣಮಟ್ಟ ಯಾವುದೋ ಅದನ್ನೇ ಆರಿಸಿ ದೊಡ್ಡದೊಂದು ವೇವ್ ಫೈಲ್ ಮಾಡಿದೆ. ಕಂಪ್ಯೂಟರಿನಲ್ಲಿ ಗಂಟೆ ಹೊಡೆದಂತೆ ಕೇಳಿತು. ಬರುವ ದಾರಿಯಲ್ಲಿ ಕಾಕಾ ಕೇಳಲಿ ಎಂದು ಪೆನ್ ಡ್ರೈವಿನಲ್ಲಿ ಅದರ ಹಿಂದೆ ನಾಲ್ಕು ಮದುವೆ ಹಾಡುಗಳ ಎಂಪಿತ್ರೀಗಳನ್ನೂ ಹಾಕಿದೆ. ಕೂಗು ಮೊಳಗಿಸಲು ಕಾಕಾ ಬಾಡಿಗೆಗೆ ಹೇಳಿದ್ದ ಟಂಟಂನ ಡಬ್ಬಿಗೆ ಹಚ್ಚಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೊದಲ ದಿನ ನಾನೂ ಟಂಟಂ ಹತ್ತಿದೆ, ನನ್ನ ಕೆಲಸ ನಾನೇ ಕೇಳಿ ಖುಷಿಪಡಲು. ಗಣಿಯ ಕೆಳಗಿನ ಹೊಲದಲ್ಲಿ ಐದಾರು ಹೆಣ್ಣುಮಕ್ಕಳು ಹೆಸರುಕಾಯಿ ಬಿಡಿಸುತ್ತಿದ್ದರು. ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಕಾಕಾ ಗುಂಡಿ ಒತ್ತಿದರು.

ಮದುವೆ ಹಾಡು ಬಂತು.

ಮತ್ತೆ ಒತ್ತಿದರು, ಮತ್ತೆ ಹಾಡು. ನನ್ನ ವೇವ್ ಫೈಲು ಆ ಡಬ್ಬಿಗೆ ತಿಳಿಯದು, ಅದಕ್ಕೆ ಬರುವುದು ಎಂಪಿತ್ರೀ ಮಾತ್ರ. ತಿಳಿಯದ್ದನ್ನು ಬಿಟ್ಟು ಅದು ಸೀದಾ ಮುಂದಿನದಕ್ಕೆ ಹಾರುತ್ತಿತ್ತು. ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ಹೊಲದಲ್ಲಿದ್ದವರು ತಲೆಯೆತ್ತಿ ನೋಡಿದರು. ಯಾರದೋ ದಿಬ್ಬಣ ಎಂದುಕೊಂಡು ಒಬ್ಬಳು ನಕ್ಕು ಕೈಬೀಸಿದಳು.

ಕಾಕಾ ಕೆಳಗಿಳಿದು ಕೂಗಿದರು. ಬರಿಯ ಗಾಳಿ ಬಂತು. ಮದ್ದು ತುಂಬುವ ಕಡೆ ಫೋನು ಬಂದ್ ಇಡುತ್ತಾರೆ, ಹೇಳುವ ದಾರಿಯೇ ಇಲ್ಲ. ಕಾಕಾ ಹೊರಟರೆಂದರೆ ಹೊಲ ಖಾಲಿ ಎಂಬ ಭರವಸೆ ಗಣಿಯವರಿಗೆ, ಅವರು ಒಂದಕ್ಕೆ ಸರಿಯಾಗಿ ಹಾರಿಸುತ್ತಿದ್ದರು. ಕಾಕಾ ನನ್ನತ್ತ ತಿರುಗಿ ಹೊಲದ ಕಡೆ ಕೈ ತೋರಿಸಿದರು, ಓಡು ಎಂದು. ಬಾವುಟ ಹಿಡಿದು ತಾವು ಗಣಿಯ ಅಂಚಿನತ್ತ, ಮದ್ದು ಇಟ್ಟ ಕಡೆಗೇ ಓಡಿದರು. ಕೂಗು ಕೇಳದಿದ್ದರೂ ಮನುಷ್ಯ ಕಂಡಾನು ಎಂದು.

ನಾನು ಓಡಲಿಲ್ಲ. ಚೀರುತ್ತ ಹೊಲಕ್ಕೆ ಓಡಿದವನು ಟಂಟಂನವನು. ಹೆಣ್ಣುಮಕ್ಕಳು ಬಿದ್ದೆದ್ದು ಓಡಿದರು. ನಾನು ಸೀಟಿನ ಸರಳು ಹಿಡಿದು ಕಾಕಾನ ಬೆನ್ನನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಹಾಡು ನಡೆದೇ ಇತ್ತು. ಒಂದು ಗಂಟೆಯಾಯಿತು... ಒಂದು ದಾಟಿತು... ಆಮೇಲೆ ಗಣಿಯಿಂದ ಸೀಟಿಯ ಸದ್ದು ಬಂತು. ನಿಲ್ಲಿಸಿದ್ದರು.

ಯಾರಿಗೂ ಏನೂ ಆಗಲಿಲ್ಲ. ಗಣಿಯ ಮೇಸ್ತ್ರಿ ಬೈಯುತ್ತ ಬಂದ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಆ ಒಡಕು ದನಿಯಲ್ಲಿ ಹೇಳಿದರು, “ನಂದೇ ತಪ್ಪ್ರಿ ಸಾಹೇಬ್ರ. ನಾನೇ ಬ್ಯಾರೆ ಗುಂಡಿ ಒತ್ತೀನಿ.” ಪೊಲೀಸರು ಬರುತ್ತಾರೆ, ಅಂಗಡಿ ಮುಚ್ಚಿಸುತ್ತಾರೆ ಎಂದೆಲ್ಲ ನನ್ನ ತಲೆಯಲ್ಲಿ ಓಡುತ್ತಿತ್ತು. ಸುಮ್ಮನೆ ನಿಂತೆ. ಮರುದಿನ ಕಾಕಾನನ್ನು ಕೆಲಸದಿಂದ ತೆಗೆದರು. ಕೆಲವು ತಿಂಗಳಲ್ಲಿ ಸುಲೇಪೇಟದ ಮಗಳ ಮನೆಗೆ ಹೋದರು. ಬಸ್ ಹತ್ತಿಸಲು ಹೋದಾಗಲೂ ಮಾಫಿ ಕೇಳಬೇಕೆಂದು ಬಾಯಿತನಕ ಬಂದದ್ದನ್ನು ನುಂಗಿದೆ. ಮಂದಿ ಇದ್ದರು ಎಂಬ ನೆಪ...

ಈಗ ಯಾವ ಫೈಲನ್ನೂ ಅವರವರ ಡಬ್ಬಿಯಲ್ಲೇ ಹಚ್ಚಿ ಕೇಳದೆ ನಾನು ಕೊಡುವುದಿಲ್ಲ. ಗಿರಾಕಿಗಳು ನಗುತ್ತಾರೆ, ನಗಲಿ.

ಕಾಕಾ ತೀರಿಹೋಗಿ ಒಂದು ವರ್ಷವಾಗುತ್ತ ಬಂತು. ಮಾಫಿ ಕೇಳಬೇಕಾದ ಮನುಷ್ಯನೇ ಇನ್ನಿಲ್ಲ. ನಿನ್ನೆ ಅವರ ಮಗಳು ಪುಣ್ಯಸ್ಮರಣೆಯ ಫೋಟೊ ಮಾಡಿಸಲು ಬಂದಿದ್ದಳು. ಮಾತಿಗೆ ಮಾತು ಬಂದು ಹೇಳಿದಳು, “ನಮ್ಮಪ್ಪಗ ಮಶೀನ್ ತಿಳೀತಿರಲಿಲ್ಲ ಅಕ್ಕಾ. ತಪ್ಪು ಗುಂಡಿ ಒತ್ತಿ ನೌಕ್ರಿ ಕಳಕೊಂಡ. ಸಾಯೋತನಕ ನಾವು ಅದನ್ನೇ ಆಡಿಕೊಂಡು ನಗ್ತಿದ್ವಿ, ಅಂವನೂ ನಗ್ತಿದ್ದ.”

ಮನೆಯವರಿಗೂ ಅವರು ನಿಜ ಹೇಳಿರಲಿಲ್ಲ.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅಂದಿನ ಹೆದರಿಕೆಯೇ ಮತ್ತೆ ಬಂತು. ಫೋಟೊ ಯಾವ ಸೈಜು ಬೇಕು ಎಂದು ಕೇಳಿದೆ.