ಸೂತಕದ ಮನೆಯ ಬೆಕ್ಕು

ಅಮ್ಮ ಹೋದ ಮೂರನೇ ದಿನ, ಮಣ್ಣಿಗೆ ಹಾಲುತುಪ್ಪ ಬಿಟ್ಟು ತೋಟದಿಂದ ಮನೆಗೆ ಬರುತ್ತಿದ್ದೆವು. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ಅಪ್ಪ ಅರಳಿಕಟ್ಟೆಯ ಹತ್ತಿರ ನಿಂತುಬಿಟ್ಟ. ಕಾಲು ಸೋತಿತೇನೋ ಅಂದುಕೊಂಡೆವು. ಎಂಬತ್ತಕ್ಕೆ ಹತ್ತಿರದ ಮುದುಕ, ಬಿಸಿಲಲ್ಲಿ ಬರಿಗಾಲಲ್ಲಿ ನಡೆದಿದ್ದ. ಅಣ್ಣ ಹೋಗಿ ರಟ್ಟೆ ಹಿಡಿದುಕೊಂಡ. ಅಪ್ಪ ಮರದ ಕಡೆ ಮುಖ ಎತ್ತಿ, "ಇಲ್ಲೈತಲ್ಲೋ ಇದು" ಅಂದ.

ಮೇಲೆ, ಅರಳಿಯ ಕೊಂಬೆಗಳೂ ಬೇವಿನ ಕೊಂಬೆಗಳೂ ಒಂದರೊಳಗೊಂದು ಹೊಕ್ಕು ಯಾವುದು ಯಾವುದೆಂದು ಹೇಳಲಾಗದ ಕಡೆ, ಅಮ್ಮನ ಬೆಕ್ಕು ಕೂತಿತ್ತು. ಬೂದಿ ಬಣ್ಣದ, ಒಂದು ಕಿವಿಯ ತುದಿ ಹರಿದುಹೋದ ಬೆಕ್ಕು. ಅದಕ್ಕೆ ಹೆಸರು ಅಂತ ಇರಲಿಲ್ಲ. ಅಮ್ಮ ಕಳ್ಳಿ ಅನ್ನುತ್ತಿದ್ದಳು, ಉಳಿದವರು ಬೆಕ್ಕು ಅನ್ನುತ್ತಿದ್ದೆವು. ಮಣ್ಣು ಮಾಡಿದ ದಿನ ಮನೆ ಮುಂದೆ ತಮಟೆ ಹೊಡೆದು ಪಟಾಕಿ ಸಿಡಿಸಿದ್ದರು. ಆಗಲೇ ಓಡಿ ಬಂದು ಹತ್ತಿರಬೇಕು. ಅಷ್ಟು ದಿನ ಅದು ಕಾಣಿಸುತ್ತಿಲ್ಲ ಅನ್ನುವುದು ಯಾರ ಗಮನಕ್ಕೂ ಬಂದಿರಲಿಲ್ಲ.

ನನಗಂತೂ ಯಾವುದೂ ಗಮನಕ್ಕೆ ಬರುವ ಸ್ಥಿತಿ ಇರಲಿಲ್ಲ. ದೇವನಹಳ್ಳಿ ಕಡೆ ಒಂದು ಹೋಟೆಲಿನ ಲಾಂಡ್ರಿಯಲ್ಲಿ ನನ್ನ ಕೆಲಸ. ಇಸ್ತ್ರಿ ಮಿಷಿನ್ನಿಂದ ಬಿಳೀ ಬೆಡ್‌ಶೀಟುಗಳು ಒಂದರ ಹಿಂದೆ ಒಂದು ಬರುತ್ತವೆ, ಮೂಲೆಗೆ ಮೂಲೆ ಸೇರಿಸಿ ಮಡಿಸಿ ಇಡುತ್ತೇವೆ. ನೆಂಟರೂ ಹಾಗೇ ಬಂದರು. ಬಂದವರನ್ನೆಲ್ಲ ಒಂದೇ ಮಾತಲ್ಲಿ ಮಡಿಸಿ ಇಟ್ಟೆ. "ಹೂಂ, ನಿದ್ದೇಲೇ ಹೋದ್ಲು. ಹೂಂ, ಕಷ್ಟ ಪಡಲಿಲ್ಲ." ನನ್ನ ತಬ್ಬಿಕೊಂಡು ಅತ್ತವರ ಬೆನ್ನನ್ನು ನಾನೇ ಸವರಿದೆ. ಒಬ್ಬಳು ಸೋದರತ್ತೆ ನನ್ನ ಕೆನ್ನೆ ಮುಟ್ಟಿ ನೋಡಿ, "ಇವಳಿಗೆ ಅಳು ಬರೋ ಹಂಗೆ ಏನಾದ್ರೂ ಹೇಳ್ರೇ" ಅಂದಳು. ಹೇಳಿದರು. ಬರಲಿಲ್ಲ.

ಅಪ್ಪ ಅವತ್ತು ಕತ್ತಲಾಗುವವರೆಗೆ ಮನೆಯೊಳಗೆ ಬರಲೇ ಇಲ್ಲ. ಕಟ್ಟೆಯ ಎದುರಿಗೆ, ರಸ್ತೆಯ ಈಚೆ, ಮೋರಿಯ ಮೇಲೆ ಕೂತುಬಿಟ್ಟ. ಊಟಕ್ಕೆ ಕರೆದರೆ, "ಅದು ಇಳೀಲಿ" ಅಂದ. ಗಂಜಿ ತಂದುಕೊಟ್ಟರೆ ಪಕ್ಕಕ್ಕಿಟ್ಟ. ಅಪ್ಪನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಉಣ್ಣದಿದ್ದರೆ ಕಣ್ಣು ಕತ್ತಲೆ ಬರುತ್ತದೆ, ಉಣ್ಣದೆ ಮಾತ್ರೆಯನ್ನೂ ಬಿಟ್ಟರೆ ಇನ್ನೊಂದು ತರ. ಹೋದ ವರ್ಷ ಒಂದು ಸಲ ರಾಗಿ ಹೊಲದಲ್ಲಿ ಬಿದ್ದು, ಹೊಸಕೋಟೆ ಆಸ್ಪತ್ರೆಯಲ್ಲಿ ಎಚ್ಚರಾಗಿದ್ದ. ಹಾಗಾಗಿ ಬೆಕ್ಕು ಇಳಿಯುವುದು ಅನ್ನುವುದು ಬೆಕ್ಕಿನ ವಿಷಯವಾಗಿ ಉಳಿಯಲಿಲ್ಲ.

ಬೇರೆ ಯಾವ ಮರವಾಗಿದ್ದರೂ ಕಾಲು ಗಂಟೆಯ ಕೆಲಸ. ನಮ್ಮ ಹುಡುಗರು ಹುಣಸೆ ಮರವನ್ನು ಮಾತಾಡುತ್ತಾ ಹತ್ತುತ್ತಾರೆ. ಆದರೆ ಇದು ಅರಳಿ. ಬುಡದಲ್ಲಿ ನಾಗರಕಲ್ಲುಗಳಿವೆ, ಸೋಮವಾರ ಹೆಂಗಸರು ಸುತ್ತು ಬರುತ್ತಾರೆ. ಸೂತಕದವರು ಆ ಕಟ್ಟೆಗೆ ಕಾಲಿಡುವ ಹಾಗಿಲ್ಲ. ನಮ್ಮದು ಸಮೇತನಹಳ್ಳಿಯಿಂದ ಇನ್ನೂ ಒಳಗಿರುವ ಸಣ್ಣ ಊರು, ಎರಡು ಮನೆ ಬಿಟ್ಟರೆ ಉಳಿದದ್ದೆಲ್ಲ ಒಂದೇ ಬೇರಿನ ದಾಯಾದಿಗಳು. ಒಬ್ಬರು ಹೋದರೆ ಊರಿಗೆ ಊರೇ ಸೂತಕ. ಆ ಎರಡು ಮನೆಗಳಲ್ಲಿ ಮರ ಹತ್ತುವ ವಯಸ್ಸಿನವರು ಯಾರೂ ಉಳಿದಿಲ್ಲ.

ಅಣ್ಣ, ಚಿಕ್ಕಪ್ಪನ ಮಗ, ಇನ್ನೂ ನಾಲ್ಕಾರು ಜನ ಗಟ್ಟಿ ಆಳುಗಳು ರಸ್ತೆಯ ಈಚೆ ನಿಂತು ಕತ್ತು ಎತ್ತಿ ನೋಡಿದರು. ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಕೋಲೂರಿಕೊಂಡು ಬಂದ. ಇಂಥವೆಲ್ಲ ನಮ್ಮಲ್ಲಿ ಅವನ ಮಾತಿನ ಮೇಲೇ ನಡೆಯುವುದು.

"ಹನ್ನೊಂದು ಕಳೀಲಿ. ಪುಣ್ಯಾಹ ಆಗ್ಲಿ. ಆಮೇಲೆ ಯಾರು ಬೇಕಾದ್ರೂ ಹತ್ಲಿ."

"ಅಲ್ಲೀಗಂಟ ಅದು ಉಪವಾಸ ಇರ್ತದಾ ದೊಡ್ಡಪ್ಪ?" ಅಂದ ಅಣ್ಣ.

"ತಾನೇ ಹತ್ತಿದ್ದು, ತಾನೇ ಇಳೀತದೆ."

"ಅದೂ ನಮ್ಮನೇದೇ ಅಲ್ವಾ? ಸೂತಕದಲ್ಲೇ ಹತ್ತಿ ಕುಂತೈತೆ. ಕಟ್ಟೆ ಆಗ್ಲೇ ಮೈಲಿಗೆ ಆದಂಗಾಯ್ತಲ್ಲ" ಅಂದ ಚಿಕ್ಕಪ್ಪನ ಮಗ.

"ಪ್ರಾಣಿಗಳಿಗೆ ಸೂತಕ ಇಲ್ಲ ಕಣ್ಲಾ. ಆ ಲೆಕ್ಕದಲ್ಲಿ ನಿಂಗೂ ಇಲ್ಲ. ಆದ್ರೂ ಸುಮ್ನೆ ನಿಂತ್ಕೊ."

ಒಬ್ಬಿಬ್ಬರು ನಕ್ಕರು. ಸಾವಿನ ಮನೆಯ ನಗು, ಬಾಯಿ ತೆರೆದು ತಕ್ಷಣ ಮುಚ್ಚುವಂಥದ್ದು. ಯಾರೋ ಫೈರ್‌ನವರಿಗೆ ಫೋನ್ ಮಾಡೋಣ ಅಂದರು. ದೊಡ್ಡಪ್ಪ, "ಬೂಟುಗಾಲಲ್ಲಿ ನಾಗಪ್ಪನ ತಲೆ ಮೇಲೆ ನಿಲ್ಲುಸ್ತೀಯಾ?" ಅಂದ. ಫೋನು ಜೇಬಿಗೆ ಹೋಯಿತು. ಸಂಜೆ ಪಕ್ಕದೂರಿನ ತೆಂಗಿನಕಾಯಿ ಕೀಳುವವನನ್ನು ಬೈಕಿನಲ್ಲಿ ಕರೆತಂದರು. ಅವನು ಮೇಲೆ ನೋಡಿದ, ಕೆಳಗೆ ಕಲ್ಲುಗಳನ್ನು ನೋಡಿದ. "ಮನೇಲಿ ಬಸ್ರಿ ಅವ್ಳೆ ಕಣಣ್ಣ. ನಾಗರ ಜಾಗ. ಇದೊಂದು ನನ್ನ ಕೇಳ್ಬ್ಯಾಡಿ" ಅಂದು ಹೊರಟ. ಯಾರೂ ಅವನನ್ನು ಬಲವಂತ ಮಾಡಲಿಲ್ಲ. ಬಸುರಿಯ ಗಂಡನಿಗೆ ಅದು ಆಗದು, ಎಲ್ಲರಿಗೂ ಗೊತ್ತು.

ಆ ರಾತ್ರಿ ನಾನು ಎದುರು ಮನೆಯ ಅಜ್ಜಿಯ ಹತ್ತಿರ ಉಂಡು ಅಲ್ಲೇ ಮಲಗಿದೆ. ದಾಯಾದಿಗಳಲ್ಲದ ಎರಡು ಮನೆಗಳಲ್ಲಿ ಅದೊಂದು. ಹಾಲುತುಪ್ಪ ಆಗಿ ಬಂದ ಕೂಡಲೇ ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದು ತಲೆ ಮೇಲೆ ನೀರು ಹುಯ್ದು, "ನಿಂಗೆ ಇಲ್ಲಿಗೆ ಮುಗೀತು. ಇನ್ನು ಈ ಮನೇಲಿ ಉಣ್ಬೇಡ, ಉಂಡ್ರೆ ಮತ್ತೆ ಅಂಟ್ತದೆ" ಅಂದಿದ್ದಳು. ಸರಿ ಅಂದಿದ್ದೆ. ಆಗ ಯಾರು ಏನು ಹೇಳಿದರೂ ಸರಿ ಅನ್ನುತ್ತಿದ್ದೆ.

ಬೆಳಗ್ಗೆ ಮೋರಿಯ ಹತ್ತಿರ ಹೋದರೆ ಅಪ್ಪ ಆಗಲೇ ಬಂದು ಕೂತಿದ್ದ. ಬೀಡಿ ಹಚ್ಚಲು ಹೋಗಿ ಕಡ್ಡಿ ಕೈಯಿಂದ ಜಾರಿ ಬಿತ್ತು. ಇನ್ನೊಂದು ಗೀರಿದ, ಅದೂ ಬಿತ್ತು. ಬೆಕ್ಕಿನ ದನಿಯೂ ಇಳಿದುಹೋಗಿತ್ತು. ಹಿಂದಿನ ದಿನ ಕೂಗು ಅನ್ನಬಹುದಾಗಿದ್ದದ್ದು ಈಗ ಬಾಗಿಲಿನ ತಿರುಗಣೆ ಕಿರುಗುಟ್ಟಿದ ಹಾಗೆ ಕೇಳುತ್ತಿತ್ತು.

ಅತ್ತಿಗೆ ಅಂಗಳದಲ್ಲಿ ಪಾತ್ರೆ ಉಜ್ಜುತ್ತಿದ್ದಳು. ನಾನು ದೂರದಲ್ಲಿ ನಿಂತು, ಅಪ್ಪನ ಕೈ ನಡುಗುತ್ತಿದೆ ಅಂದೆ. ಅವಳು ತಲೆ ಎತ್ತದೆ, "ನಿಮಗೆ ನಿನ್ನೇಗೇ ಕಳೀತಲ್ಲ" ಅಂದಳು.

ಅವಳು ಚುಚ್ಚಲು ಹೇಳಿದ ಮಾತಲ್ಲ. ಲೆಕ್ಕ ಹಾಕಿದ್ದಳು, ಅಷ್ಟೆ. ಕೊಟ್ಟ ಹೆಣ್ಣಿಗೆ ಅಪ್ಪ ಅಮ್ಮನ ಸೂತಕ ಮೂರು ದಿನ. ಸೊಸೆಗೆ ಪೂರ್ತಿ. ನಾನು ಈ ಮನೆ ಬಿಟ್ಟು ಮೂವತ್ತು ವರ್ಷದ ಮೇಲಾಯಿತು, ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೊತ್ತಿರುವುದನ್ನು ಯಾರಾದರೂ ಎತ್ತಿ ಕೈಗೆ ಕೊಟ್ಟಾಗ ಅದಕ್ಕೆ ತೂಕ ಬರುತ್ತದೆ.

ನನಗೆ ಕಳೆದಿದೆಯಲ್ಲ, ನಾನೇ ಹತ್ತಲಾ ಅಂತ ಹೋಗಿ ದೊಡ್ಡಪ್ಪನನ್ನು ಕೇಳಿದೆ. ಅವನು ಬೆರಳು ಮಡಿಸಿ ದಿನ ಎಣಿಸಿದ. ಆಮೇಲೆ, ಕಳೆದಿದ್ದ ಬೀಗದ ಕೈ ಸಿಕ್ಕವನ ಹಾಗೆ, "ಹೌದಲ್ಲ. ಇವಳು ನಮ್ಮೋಳಲ್ಲ. ಇವಳಿಗೇನೂ ಅಡ್ಡಿ ಇಲ್ಲ" ಅಂದ. ಸುತ್ತ ಇದ್ದವರಿಗೆಲ್ಲ ಸಮಾಧಾನವಾಯಿತು.

"ಅಳಿಯಂದ್ರನ್ನ ಕರುಸ್ಬೋದಿತ್ತು" ಅಂದ ಅಣ್ಣ. ನಮ್ಮ ಯಜಮಾನರು ಹಿಂದಿನ ದಿನವೇ ಕೆಲಸಕ್ಕೆ ವಾಪಸು ಹೋಗಿದ್ದರು.

"ಅವ್ರನ್ನ ಹತ್ತಿಸಿದ್ರೆ ಇಳಿಸಕ್ಕೆ ಇನ್ನೊಬ್ಬ ಅಳಿಯ ಬೇಕಾಗ್ತದೆ" ಅಂದ ಚಿಕ್ಕಪ್ಪನ ಮಗ. ನಮ್ಮ ಯಜಮಾನರ ಹೊಟ್ಟೆ ನೋಡಿದವರು ಯಾರೂ ಇದಕ್ಕೆ ಎದುರು ಹೇಳುವುದಿಲ್ಲ.

ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಹೊರಗಡೆ ಏನಾದ್ರೂ..." ಅಂದಳು.

"ಅದೆಲ್ಲ ನಿಂತೋಗಿ ಎರಡು ವರ್ಷ ಆಯ್ತು ದೊಡ್ಡಮ್ಮ."

"ಹಂಗಾದ್ರೆ ಒಳ್ಳೇದಾಯ್ತು. ಸೀರೆ ಉಟ್ಕೊಂಡು ಹತ್ಬೇಡ."

ಮನೆಯ ಹುಡುಗಿಯರ ಚೂಡಿದಾರ್ ಹಾಕಿಕೊಳ್ಳುವಂತಿಲ್ಲ, ಅವೂ ಮೈಲಿಗೆ. ಸುದ್ದಿ ಬಂದಾಗ ನಾನು ಕೆಲಸದಿಂದಲೇ ಹೊರಟು ಬಂದಿದ್ದೆ. ಬ್ಯಾಗಿನಲ್ಲಿ ಹೋಟೆಲಿನ ಯೂನಿಫಾರಂ ಇತ್ತು, ಒಗೆದು ಒಣಗಿಸಿದ್ದು. ಅದನ್ನೇ ಹಾಕಿಕೊಂಡೆ. ಬೂದಿ ಬಣ್ಣದ ಪ್ಯಾಂಟು, ಜೇಬಿನ ಮೇಲೆ ಹೋಟೆಲಿನ ಹೂವಿನ ಗುರುತಿರುವ ಅಂಗಿ. ನಮ್ಮ ಊರಿನಲ್ಲಿ ನನ್ನನ್ನು ಪ್ಯಾಂಟಿನಲ್ಲಿ ಯಾರೂ ನೋಡಿರಲಿಲ್ಲ. ಅವತ್ತೂ ಯಾರೂ ನೋಡಿದ ಹಾಗೆ ಕಾಣಲಿಲ್ಲ.

ಏಣಿ ಎದುರು ಮನೆಯ ಅಜ್ಜಿಯದು. ಹೊತ್ತುಕೊಂಡು ಬರಲು ನಾನು, ಹಿಡಿದು ನಿಲ್ಲಲು ಅಜ್ಜಿ. ಅಷ್ಟು ಜನ ಗಟ್ಟಿ ಗಂಡಸರು ರಸ್ತೆಯ ಈಚೆ ಸಾಲಾಗಿ ಕೈಕಟ್ಟಿ ನಿಂತಿದ್ದರು. ನಾನು ನಾಗರಕಲ್ಲಿಗೆ ಕೈ ಮುಗಿದು, ಹೆಗಲಿಗೆ ಒಂದು ಗೋಣಿಚೀಲ, ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಹತ್ತಿದೆ.

"ಎಡಗಾಲಕ್ಕಾ, ಎಡಗಾಲು."

"ಅದು ಒಣಕೊಂಬೆ, ಅದನ್ನ ಹಿಡೀಬೇಡ."

"ಅಲ್ಲಲ್ಲ, ಈ ಕಡೆ. ನಮ್ಮ ಈ ಕಡೆ ಅಲ್ಲ, ನಿನ್ನ ಈ ಕಡೆ."

ಅಜ್ಜಿ ಕೆಳಗಿಂದ, "ಬಾಯಿ ಮುಚ್ಕಳ್ರೋ. ಅವಳ ಕಾಲು ಎಲ್ಲೈತೆ ಅಂತ ಅವಳಿಗೆ ಗೊತ್ತು" ಅಂದಳು.

ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮರ ಹತ್ತಿದವಳೇ, ಆದರೆ ಈಗ ಕಾಲುಗಳು ಯಾರದೋ ಅನ್ನಿಸುತ್ತಿತ್ತು. ಅವು ತಮ್ಮಷ್ಟಕ್ಕೆ ಹೋದವು. ಏಣಿ ಮುಗಿದ ಕಡೆ ದಪ್ಪ ಕವಲು ಸಿಕ್ಕಿತು, ಅದರಿಂದ ಇನ್ನೊಂದು. ಕೆಂಜಿಗ ಕುತ್ತಿಗೆಗೆ ಹತ್ತಿ ಕಚ್ಚಿತು. ಭಯ ಆಗಬೇಕಿತ್ತು. ಐವತ್ತು ದಾಟಿದ ಹೆಂಗಸು, ಬಿದ್ದರೆ ಸೊಂಟ ಕೂಡುವುದಿಲ್ಲ. ಅದನ್ನೂ ಇನ್ನೊಬ್ಬರ ವಿಷಯದ ಹಾಗೆ ಯೋಚಿಸಿದೆ.

ಅಷ್ಟು ಎತ್ತರದಿಂದ ನಮ್ಮ ತೋಟ ಕಾಣಿಸಿತು. ಆಚೆ ಯಾರದೋ ಗುಲಾಬಿಯ ಪ್ಲಾಸ್ಟಿಕ್ ಮನೆಗಳು, ಈಚೆ ಸೈಟು ಮಾಡಿ ಕಲ್ಲು ನೆಟ್ಟ ಹೊಲ, ನಡುವೆ ಅಮ್ಮನ ಮೇಲೆ ಹಾಕಿದ ಮಣ್ಣು. ಮಣ್ಣಿನ್ನೂ ಕೆಂಪಗಿತ್ತು. ಎಡೆ ಇಟ್ಟ ಬಾಳೆ ಎಲೆ ಗಾಳಿಗೆ ಹಾರಿ ಬೇಲಿಗೆ ಸಿಕ್ಕಿಕೊಂಡಿತ್ತು. ನೋಡಿದೆ. ಏನೂ ಆಗಲಿಲ್ಲ. ಮುಂದಿನ ಕೊಂಬೆ ಹಿಡಿದೆ.

ಬೆಕ್ಕು ನನ್ನನ್ನು ಕಂಡು ಹಿಂದಕ್ಕೆ ಸರಿಯಿತು. ವರ್ಷಕ್ಕೆ ನಾಲ್ಕು ಸಲ ಬಂದು ಹೋಗುವವಳು ಅದಕ್ಕೆ ಯಾರು? ಹಲ್ಲು ತೋರಿಸಿ ಬುಸ್ ಅಂತು. ಅದರ ಹಿಂದೆ ತೆಳ್ಳಗಿನ ರೆಂಬೆ, ಇನ್ನು ಸರಿದರೆ ಬೀಳುತ್ತದೆ.

"ಬಾರೇ ಕಳ್ಳಿ" ಅಂದೆ. "ಬಾ. ಎಲ್ಲಾರ ಹೊಟ್ಟೆ ಉರಿಸ್ಬಿಟ್ಟು ಇಲ್ಲಿ ಕುಂತಿದ್ದೀಯ. ಮುದುಕ ಅಲ್ಲಿ ಗಂಜಿನೂ ಮುಟ್ಟಿಲ್ಲ. ಬಾರೇ."

ಫೋನಿನಲ್ಲಿ ನನ್ನ ದನಿ ಅಮ್ಮನದೇ ಅಂತ ಎಲ್ಲರೂ ಅನ್ನುತ್ತಿದ್ದರು. ಬೆಕ್ಕಿಗೂ ಹಾಗೆ ಕೇಳಿಸಿತೋ ಏನೋ, ಹರಿದ ಕಿವಿ ಇತ್ತ ತಿರುಗಿತು. ಒಂದು ಹೆಜ್ಜೆ ಬಂತು. ಬೆರಳು ಮೂಸಿತು. ಮೂಸಿದ ಮೇಲೆ ನಾನು ಬೇರೆ ಅಂತ ತಿಳಿದಿರಬೇಕು, ಆದರೆ ಅಷ್ಟರಲ್ಲಿ ಕುತ್ತಿಗೆಯ ಚರ್ಮ ನನ್ನ ಹಿಡಿತಕ್ಕೆ ಸಿಕ್ಕಿತ್ತು. ಅದು ಮೊಣಕೈಯಿಂದ ಬೆರಳಿನವರೆಗೆ ಪರಚಿತು. ಚೀಲಕ್ಕೆ ತುರುಕಿ, ಬಾಯಿ ಕಟ್ಟಿ, ಹಗ್ಗದಲ್ಲಿ ನಿಧಾನಕ್ಕೆ ಇಳಿಬಿಟ್ಟೆ. ಅಜ್ಜಿ ಹಿಡಿದುಕೊಂಡಳು.

ನಾನು ಇಳಿದು ಬಂದು ಚೀಲ ಎತ್ತಿಕೊಂಡು ರಸ್ತೆ ದಾಟಿದೆ. ಅಪ್ಪ ಎದ್ದು ನಿಂತು ಎರಡು ಕೈಯನ್ನೂ ಚಾಚಿದ.

"ಕೆಳಗಿಡಮ್ಮ. ಅವನೇ ಎತ್ಕೊತಾನೆ. ಮುಟ್ಟಿದ್ರೆ ಮತ್ತೆ ನೀರು ಹಾಕ್ಕೋಬೇಕು ನೀನು" ಅಂದ ದೊಡ್ಡಪ್ಪ. ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಕೆಳಗಿಟ್ಟೆ. ಅಪ್ಪ ಬಗ್ಗಿ ಎತ್ತಿಕೊಂಡ.

"ಕೈ?" ಅಂದ.

"ಏನಿಲ್ಲಪ್ಪ."

ಮನೆಯಲ್ಲಿ ಚೀಲ ಬಿಚ್ಚಿದರು. ನಾನು ಹೊಸಿಲಿನ ಹೊರಗೆ ನಿಂತು ನೋಡಿದೆ. ಬೆಕ್ಕು ನೇರವಾಗಿ ಅಮ್ಮ ಮಲಗುತ್ತಿದ್ದ ಮೂಲೆಗೆ ಹೋಯಿತು. ಹಾಸಿಗೆ ಅಲ್ಲಿ ಇರಲಿಲ್ಲ, ಮಣ್ಣು ಮಾಡಿದ ದಿನವೇ ಹೊರಗೆ ಹಾಕಿದ್ದರು. ಬರಿ ನೆಲ ಮೂಸಿತು, ಒಂದು ಸುತ್ತು ಬಂತು. ಆಮೇಲೆ ಅತ್ತಿಗೆ ಇಟ್ಟ ಹಾಲನ್ನು ತಟ್ಟೆ ಸದ್ದಾಗುವವರೆಗೆ ನೆಕ್ಕಿ, ಒಲೆಯ ಪಕ್ಕ ಹೋಗಿ ಮಲಗಿತು.

ಅತ್ತಿಗೆ ಅಪ್ಪನಿಗೆ ಮಣೆ ಹಾಕಿ ಮುದ್ದೆ ಬಡಿಸಿದಳು. ಹೆಸರುಕಾಳಿನ ಸಾರು, ಒಗ್ಗರಣೆ ಇಲ್ಲದ್ದು. ಸಾವಿನ ಮನೆಯಲ್ಲಿ ಒಗ್ಗರಣೆಯ ಸದ್ದು ಆಗಬಾರದು. ಅಪ್ಪ ತಟ್ಟೆಗೆ ಕೈ ಇಟ್ಟವನು ನನ್ನ ಕಡೆ ನೋಡಿದ.

"ನೀನು?"

"ನಂದು ಆಮೇಲೆ ಆಗ್ತದೆ. ನೀನು ಉಣ್ಣು."

"ಅವಳು ಇಲ್ಲಿ ಉಣ್ಣಂಗಿಲ್ಲ ಕಣಪ್ಪ. ಎದುರು ಮನೇಲಿ ಅಜ್ಜಿ ಮಾಡವ್ಳೆ" ಅಂದಳು ದೊಡ್ಡಮ್ಮ.

ಅಪ್ಪ ಯಾರಿಗೂ ಎದುರು ಮಾತಾಡಿದವನಲ್ಲ. ಆಗಲೂ ಆಡಲಿಲ್ಲ. ತಟ್ಟೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. "ಹಂಗಾದ್ರೆ ನಂಗೂ ಆಮೇಲೆ ಆಗ್ಲಿ" ಅಂದ.



ನಾನು ಹೊಸಿಲು ದಾಟಿ ಒಳಗೆ ಬಂದು ಅವನ ಪಕ್ಕದಲ್ಲಿ ಕೂತೆ. ಮೊಣಕಾಲಿಗೆ ಮೊಣಕಾಲು ತಗುಲಿತು. ಅತ್ತಿಗೆ ದೊಡ್ಡಮ್ಮನ ಮುಖ ನೋಡಿದಳು, ಆಮೇಲೆ ಇನ್ನೊಂದು ತಟ್ಟೆ ತಂದಳು.

"ನಿಂಗೆ ಮತ್ತೆ ಅಂಟ್ತದೆ ನೋಡು" ಅಂದಳು ದೊಡ್ಡಮ್ಮ. "ಹನ್ನೊಂದರವರೆಗೂ ಇದ್ದು, ಎಲ್ಲಾರ ಜೊತೆಗೇ ಕಳ್ಕೊಂಡು ಹೋಗ್ಬೇಕಾಗ್ತದೆ."

"ಹೂಂ. ಇರ್ತೀನಿ."

ಮುದ್ದೆ ಮುರಿದು ಸಾರಿನಲ್ಲಿ ಅದ್ದಿದೆ. ಉಪ್ಪು ಖಾರ ಪರಚಿದ ಬೆರಳಿಗೆ ತಾಗಿ ಉರಿಯಿತು. ನಾನು ನುಂಗುವುದನ್ನು ಅಪ್ಪ ನೋಡಿದ. ಆಮೇಲೆ ತಾನೂ ಒಂದು ತುತ್ತು ಮುರಿದುಕೊಂಡ, ಇನ್ನೊಂದು ಮುರಿದುಕೊಂಡ. ಅತ್ತಿಗೆ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಅಪ್ಪ ತಟ್ಟೆಯನ್ನು ಅವಳ ಕಡೆಗೆ ಸ್ವಲ್ಪ ಸರಿಸಿದ.